ಶುಕ್ರವಾರ ಮಾತ್ರ ಕುಗ್ಗುತ್ತಿದ್ದ ಪರದೆ

ಕೊರೊನಾ ಕಳೆದು, ಊರಿನ ಡೈರಿಗಳ ಮುಂದೆ ಜನ ಮತ್ತೆ ಮೈಗೆ ಮೈ ತಾಗಿಸಿ ಸಾಲು ನಿಲ್ಲತೊಡಗಿದ್ದ ವರ್ಷ. ನಾನಾಗ ಕೆ.ಆರ್.ಪೇಟೆಯಲ್ಲಿ ಕಂಪ್ಯೂಟರ್ ಸರ್ವಿಸ್ ಇಂಜಿನಿಯರ್. ಕಿಕ್ಕೇರಿ ಕಡೆಯ ಡೈರಿಗಳ ಹಳೆಯ ಡೆಸ್ಕ್‌ಟಾಪ್‌ಗಳೆಲ್ಲ ನನ್ನ ಪಾಲಿನವು. ನಡೆಯುವುದು ನಿಧಾನ, ಆದರೆ ಬೇಗ ಸಾಯುವ ಜಾತಿಯಲ್ಲ.

ಒಂದು ಶುಕ್ರವಾರ ಅಲ್ಲಿನ ಒಂದು ಡೈರಿಯಿಂದ ಜಯಮ್ಮ ಫೋನ್ ಮಾಡಿದರು. ಹಾಲು ಅಳೆದು, ಫ್ಯಾಟ್ ನೋಡಿ, ಕಂಪ್ಯೂಟರಿಗೆ ಏರಿಸುವ ಕೆಲಸ ಅವರದು.

“ಸಾ, ಅಕ್ಸರ ಎಲ್ಲ ಕುಂಬ್ಳಕಾಯಿ ಗಾತ್ರ ಆಗ್ಬುಟ್ಟವೆ. ಸೇವ್ ಬಟನ್ನೇ ಕಾಣಾಕಿಲ್ಲ!”

ಹೋಗಿ ನೋಡಿದೆ. 1280×1024 ಇರಬೇಕಾದ ರೆಸಲ್ಯೂಷನ್ 800×600ಕ್ಕೆ ಇಳಿದಿತ್ತು. ಅಂದರೆ ಪರದೆಯಲ್ಲಿ ಚುಕ್ಕಿಗಳು ಕಡಿಮೆಯಾಗಿ ಎಲ್ಲವೂ ದಪ್ಪಗಾಗಿದ್ದವು; ಡೈರಿ ಸಾಫ್ಟ್‌ವೇರಿನ ಕೊನೆಯ ಸಾಲು ಪರದೆಯ ಕೆಳಗೆ ಮರೆಯಾಗಿತ್ತು. ದೊಡ್ಡ ಅಳತೆ ಆರಿಸೋಣವೆಂದರೆ ಪಟ್ಟಿಯಲ್ಲಿ ಅದೇ ಇಲ್ಲ. ಸಿಪಿಯು ಹಿಂದೆ ಸಿಕ್ಕಿಸಿದ್ದ ಹೂವನ್ನು ಕಣ್ಣಿಗೊತ್ತಿ ಪಕ್ಕಕ್ಕಿಟ್ಟು, ಡಬ್ಬವನ್ನು ಮೇಜಿನ ಮೇಲೆ ತಂದು ಧೂಳು ಹೊಡೆದು, ಕೇಬಲ್ ಸಿಕ್ಕಿಸಿ, ಪರದೆ ನಡೆಸುವ ಸಾಫ್ಟ್‌ವೇರ್, ಅಂದರೆ ಡಿಸ್‌ಪ್ಲೇ ಡ್ರೈವರ್, ಹೊಸದಾಗಿ ಹಾಕಿದೆ. ಸರಿಹೋಯಿತು. ನಮ್ಮ ಕಡೆ ಹೂವು, ಕುಂಕುಮ ಇಲ್ಲದ ಯಂತ್ರವೇ ಇಲ್ಲವಾದ್ದರಿಂದ ಅದರ ಬಗ್ಗೆ ಯೋಚಿಸಲೂ ಇಲ್ಲ.

ಮುಂದಿನ ಶುಕ್ರವಾರ ಮತ್ತೆ ಅದೇ ಫೋನು. ಮತ್ತೆ ಡಬ್ಬ ಮೇಜಿಗೇರಿಸಿ ಡ್ರೈವರ್ ಹಾಕಿದೆ, ಮತ್ತೆ ಸರಿಹೋಯಿತು. ಆದರೆ ಈ ಸಲ ಹಾಲಿನ ಸಂಘದ ಹೊಸ ಅಧ್ಯಕ್ಷ ಪುಟ್ಟೇಗೌಡರು ಬಾಗಿಲಲ್ಲೇ ನಿಂತಿದ್ದರು.

“ಆಯಮ್ಮ ಏನೇನೋ ಒತ್ತಿ ಕೆಡಿಸ್ತಾವ್ಳೆ ಇಂಜಿನಿಯರ್ರೇ. ಇನ್ನೊಂದ್ಸಲ ಇಂಗಾದ್ರೆ ಬ್ಯಾರೆಯವ್ರನ್ನ ಮಡಿಕ್ಕೋತೀವಿ, ಅಷ್ಟೇಯ.”

ಜಯಮ್ಮ ಹಾಲಿನ ಲೆಕ್ಕ ಏರಿಸಲು ಕೂತರು. ಗಂಡನಿಲ್ಲದ ಮನೆ ಆ ಕೆಲಸದ ಮೇಲೆ ನಿಂತಿತ್ತು. ನಾನು ಹೊರಡುವಾಗ ಬೈಕಿನ ತನಕ ಬಂದು ಮೆಲ್ಲಗೆ ಹೇಳಿದರು: “ನಾನೇನೂ ಮುಟ್ಟಿಲ್ಲ ಸಾ. ಶುಕ್ರಾರ ಮಾತ್ರ ಇಂಗಾಯ್ತದೆ, ಅದ್ಯಾಕೆ?”

ಅದ್ಯಾಕೆ? ಕಂಪ್ಯೂಟರಿಗೆ ವಾರ ಗೊತ್ತಿರುತ್ತದೆ, ಆದರೆ ವಾರ ನೋಡಿ ಮುನಿಸಿಕೊಳ್ಳುವುದನ್ನು ನಾನು ಕಂಡಿರಲಿಲ್ಲ. ತಲೆಗೆ ಹುಳ ಹೊಕ್ಕಿತು. ಮೂರನೆಯ ಶುಕ್ರವಾರ ಯಾರೂ ಕರೆಯುವ ಮೊದಲೇ, ಹಾಲು ಹಾಕುವ ಹೊತ್ತಿಗೆ ಅಲ್ಲಿಗೆ ಹೋದೆ.

ಜಯಮ್ಮ ಹೊರಗೆ ಕ್ಯಾನು ತೊಳೆಯುತ್ತಿದ್ದರು. ಒಳಗೆ ಗೌಡರು ಸ್ನಾನ ಮಾಡಿ, ಹೊಸ ಅಧ್ಯಕ್ಷರ ಹುರುಪಿನಲ್ಲಿ, ಆಫಾಗಿದ್ದ ಕಂಪ್ಯೂಟರಿಗೆ ವಾರದ ಪೂಜೆ ಮಾಡುತ್ತಿದ್ದರು. ಕುಂಕುಮವಿಟ್ಟರು. ಆಮೇಲೆ ಸೇವಂತಿಗೆಯ ತುಂಡುಮಾಲೆಯೊಂದನ್ನು ಸಿಪಿಯು ಹಿಂದೆ, ಮಾನಿಟರ್ ಕೇಬಲ್ಲಿನ ಸಂದಿಗೆ ಒತ್ತಿ ತುರುಕಿದರು.

“ಅಲ್ಲಿಗ್ಯಾಕೆ ಗೌಡ್ರೆ?”

“ವೈರು ಬರೋ ಕಡೆ ತಾನೆ ಜೀವ ಇರಾದು!”

ಸ್ವಿಚ್ ಹಾಕಿದರು. ಅಕ್ಷರಗಳು ಕುಂಬಳಕಾಯಿ! ನನಗೆ ನಗು ತಡೆಯಲಾಗಲಿಲ್ಲ. ಮಾನಿಟರ್ ತನ್ನ ಅಳತೆಯನ್ನು ಸಿಪಿಯುಗೆ ತಿಳಿಸುವುದು ಆ ಕೇಬಲ್ಲಿನ ಸಣ್ಣ ಪಿನ್ನುಗಳ ಮೂಲಕ. ಬಿಗಿಯುವ ತಿರುಪು ಕಳೆದುಹೋಗಿದ್ದ ಕೇಬಲ್ ತುದಿಯ ಕನೆಕ್ಟರ್ ಹೂವಿನ ಒತ್ತಡಕ್ಕೆ ಓರೆಯಾದರೆ ಚಿತ್ರ ಬರುತ್ತದೆ, ಅಳತೆ ಬರುವುದಿಲ್ಲ. ಅಳತೆ ಸಿಗದ ಸಿಪಿಯು ಎಲ್ಲ ಮಾನಿಟರಿಗೂ ಒಗ್ಗುವ ಚಿಕ್ಕದನ್ನೇ ಹಿಡಿಯುತ್ತದೆ. ನಾನು ಪ್ರತಿಸಲ ಹೂವು ತೆಗೆದು ಕೇಬಲ್ ಗಟ್ಟಿಯಾಗಿ ಸಿಕ್ಕಿಸಿದ್ದೇ ಮದ್ದು. ಹೆಸರು ಬಂದದ್ದು ಡ್ರೈವರಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ ಬೈಗುಳ ತಿಂದವರು ಜಯಮ್ಮ.

ಗೌಡರನ್ನು ಕೇಳಿಕೊಂಡು ಹೂವು ತೆಗೆದು, ಕನೆಕ್ಟರ್ ಒತ್ತಿ, ಮತ್ತೆ ಆನ್ ಮಾಡಿದೆ. ಪರದೆ ಸರಿಯಾಯಿತು. ಅವರು ನಂಬಲಿಲ್ಲ. ತಾವೇ ಹೂವು ತುರುಕಿ ಆನ್ ಮಾಡಿಸಿದರು, ಕೆಟ್ಟಿತು. ತೆಗೆದು ಮಾಡಿಸಿದರು, ಸರಿಯಾಯಿತು. ಅಷ್ಟರಲ್ಲಿ ಸಾಲಿನ ಜನ ಕಿಟಕಿಗೆ ಮುತ್ತಿದ್ದರು. ಗೌಡರು ಮಾತು ನುಂಗಿಕೊಂಡುಬಿಡಬಹುದಿತ್ತು. ಅವರು ಕಿಟಕಿಗೇ ಹೋಗಿ ನಿಂತರು.

“ಆಯಮ್ಮನ ತಪ್ಪೇನಿಲ್ಲ ಕಣ್ರುಲಾ. ಪೂಜೆ ಮಾಡಿ ಕೆಡ್ಸುತಿದ್ದೋನು ನಾನೇಯ.”

ಜಯಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಒಳಗೆ ಬಂದರು. ಗೌಡರ ಕೈಯಲ್ಲಿದ್ದ ಹೂವು ತೆಗೆದುಕೊಂಡು ಮಾನಿಟರಿನ ನೆತ್ತಿಗಿಟ್ಟರು.

“ಮುಂದ್ಗಡೆ ಇರ್ಲಿ ಗೌಡ್ರೆ, ಎಲ್ರಿಗೂ ಕಾಣ್ತದೆ,” ಎಂದು ಹೇಳಿ ಮೊದಲ ಹಾಲು ಅಳೆಯಲು ಕೂತರು. ಅವರನ್ನು ಕೆಲಸದಿಂದ ಬಿಡಿಸುವ ಮಾತು ಆ ಡೈರಿಯಲ್ಲಿ ಮತ್ತೆ ಬರಲಿಲ್ಲ.

ಯಂತ್ರ ಕೆಟ್ಟಿತೆಂದರೆ ನಾನೀಗ ಮೊದಲು ಯಂತ್ರವನ್ನು ಮುಟ್ಟುವುದಿಲ್ಲ. ದಿನಾ ಅದನ್ನು ಹೇಗೆ ಶುರುಮಾಡುತ್ತೀರೋ ಹಾಗೇ ಮಾಡಿ ತೋರಿಸಿ ಅನ್ನುತ್ತೇನೆ. ಹೂವಿದ್ದರೆ, ಕಣ್ಣಿಗೊತ್ತಿಕೊಳ್ಳುವ ಮೊದಲು ಅದು ಎಲ್ಲಿತ್ತೆಂದು ನೋಡುತ್ತೇನೆ.