ಬೋಣಿಗೆಗೂ ಮುಂಚೆ ಕೇಳಲು ಹೋದವರು

ಓದುವ ಎಲ್ಲರಿಗೂ ನನ್ನ ಶರಣು. ನಾನು ಮೀಸೆ ಬಂದ ಮೇಲೆ ರಾತ್ರಿ ಶಾಲೆಗೆ ಹೋದವನು, ಅದೂ ಮರಾಠಿ ಶಾಲೆ. ಕನ್ನಡ ಅಕ್ಷರ ಕಲಿತದ್ದು ಅದಕ್ಕೂ ಆಮೇಲೆ, ವಿಜಾಪುರ ಕಡೆಯಿಂದ ಬರುವ ಬಸ್ಸುಗಳ ಬೋರ್ಡು ನೋಡಿ ನೋಡಿ. ಈಗ ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತುತ್ತಿದ್ದೇನೆ. ಎಲ್ಲಾದರೂ ಒತ್ತಕ್ಷರ ಜಾರಿ ಬಿದ್ದಿದ್ದರೆ ನೀವೇ ಎತ್ತಿ ಅದರ ಜಾಗಕ್ಕಿಟ್ಟು ಓದಿಕೊಳ್ಳಿ, ಸಿಟ್ಟಾಗಬೇಡಿ.

ಅಕ್ಕಲಕೋಟೆಯ ಹೊರಗೆ ಒಂದು ತಗಡಿನ ಮನೆಯಲ್ಲಿ ಕ್ರೈಸ್ತ ಸಿಸ್ಟರ್‌ಗಳು ದಿಕ್ಕಿಲ್ಲದ ಮುದುಕ ಮುದುಕಿಯರನ್ನು ಸಾಕುತ್ತಾರೆ. ನಾನು ಅವರ ಟೆಂಪೋ ಓಡಿಸುವವನು. ಈ ಕೆಲಸ ನನಗೆ ಸಿಕ್ಕಿದ್ದು ನನ್ನ ಸೋದರತ್ತೆಯ ದೆಸೆಯಿಂದ. ಶೇಂಗಾ ಚಟ್ನಿಗೆ ಬೆಳ್ಳುಳ್ಳಿ ಎಷ್ಟು ಹಾಕಬೇಕು ಎಂದು ಅತ್ತೆಗೂ ನನ್ನ ಹೆಂಡತಿಗೂ ಜಗಳವಾಗಿ, ಅತ್ತೆ ಗಂಟು ಕಟ್ಟಿಸಿಕೊಂಡು ನಡೆದೇ ಹೋಗಿ ಆ ಮನೆಯ ಬಾಗಿಲು ಬಡಿದಳು.

"ನನಗ ಯಾರೂ ಇಲ್ರಿ" ಅಂದಳು.

ನಾನು ಅವಳ ಹಿಂದೆಯೇ ನಿಂತಿದ್ದೆ. ಮನೆಯ ಹಿರಿಯ ಸಿಸ್ಟರ್ ನನ್ನತ್ತ ಕೈ ತೋರಿಸಿ, ಇವರು ಯಾರು ಎಂದು ಕೇಳಿದರು.

"ಇಂವಾ? ಇಂವ ಗಂಟು ಹೊತ್ತಕೊಂಡು ಬಂದಾವ."

ಮರುದಿನ ಕರೆದೊಯ್ಯಲು ಹೋದರೆ ಅತ್ತೆ ಬರಲಿಲ್ಲ. ಅಲ್ಲಿ ಒಂದು ಹಳೆಯ ಟೆಂಪೋ ಇತ್ತು, ಡ್ರೈವರ್ ಇರಲಿಲ್ಲ. ನನ್ನ ಹತ್ತಿರ ಲೈಸೆನ್ಸ್ ಇತ್ತು, ಕೆಲಸ ಇರಲಿಲ್ಲ. ಹೀಗಾಗಿ ಅತ್ತೆಯ ಜೊತೆಗೆ ನಾನೂ ಅಲ್ಲೇ ಸೇರಿಕೊಂಡೆ.

ಸಿಸ್ಟರ್ ಕೇರಳದವರು. ಕನ್ನಡ ಕಲಿಯಬೇಕೆಂದು ದಿನಾ ಸಂಜೆ ಅತ್ತೆಯ ಮಂಚದ ಬಳಿ ಕೂತರು. ಪರಿಣಾಮವಾಗಿ ಅವರಿಗೆ ಬಂದದ್ದು ನನ್ನ ಅತ್ತೆಯ ಕನ್ನಡ. ಸೊಲ್ಲಾಪುರದ ಪೇಟೆಯಲ್ಲಿ ಕಾಳಿನ ವ್ಯಾಪಾರಿಯ ಮುಂದೆ ನಿಂತು, ಮುಖದ ತುಂಬ ನಗುತ್ತ, ಬಲು ಮೆತ್ತಗೆ ಕೇಳಿದರು: "ಏನೋ ಮುದೋಡ್ಯಾ, ಒಂದ್ ಬೊಗಸಿ ಜ್ವಾಳಾ ಹಾಕಾಕ ನಿನ್ನ ಕೈಗೇನ್ ಲಕ್ವಾ ಹೊಡದೈತೇನು?" ಆ ವ್ಯಾಪಾರಿಯನ್ನು ತಾಯಿ ತೀರಿಕೊಂಡ ಮೇಲೆ ಯಾರೂ ಹಾಗೆ ಮಾತಾಡಿಸಿರಲಿಲ್ಲವಂತೆ. ಕಣ್ಣೊರೆಸಿಕೊಂಡು ಅರ್ಧ ಚೀಲ ಕೊಟ್ಟ.

ಈ ಕೇಳುವ ಪದ್ಧತಿ ಎಲ್ಲಿಂದ ಬಂತು ಎಂದು ಅವರು ಟೆಂಪೋದಲ್ಲಿ ಹೇಳಿದ್ದರು. ಬಹಳ ಹಿಂದೆ, ಯಾವುದೋ ಥಂಡಿ ದೇಶದಲ್ಲಿ, ತಳ್ಳುಗಾಡಿಯಲ್ಲಿ ಕಾಯಿಪಲ್ಯೆ ಮಾರುವ ಒಬ್ಬ ಹೆಣ್ಣುಮಗಳಿದ್ದಳಂತೆ. ಒಂದು ಸಂಜೆ ಇಗರ್ಜಿಯ ಮೆಟ್ಟಿಲ ಮೇಲೆ ಬಿದ್ದಿದ್ದ ಮುದುಕನನ್ನು ಅದೇ ಗಾಡಿಯಲ್ಲಿ ಹಾಕಿಕೊಂಡು ಮನೆಗೆ ಬಂದಳು. ಬೆಳಗಾದರೆ ಅವನಿಗೆ ತಿನ್ನಿಸಲು ಏನೂ ಇಲ್ಲ. ಗಾಡಿ ತಳ್ಳಿಕೊಂಡು ಮನೆಮನೆಗೆ ಹೋಗಿ ಕೇಳಿದಳು. ಕೊಟ್ಟರು. ಅವಳ ಜೊತೆ ಇನ್ನಷ್ಟು ಹೆಂಗಸರು ಸೇರಿದರು, ಸಂಘವಾಯಿತು. ಅಂದಿನಿಂದ ಅವರ ನೇಮ ಅದೇ: ಅನ್ನಕ್ಕೆ ಬೇಕಾದುದನ್ನು ಕೊಳ್ಳುವುದಿಲ್ಲ, ಕೇಳುತ್ತಾರೆ. ನಾಳೆಗೆಂದು ಕೂಡಿಡುವುದಿಲ್ಲ. ಊರು ಕೊಟ್ಟರೆ ಆ ಊರಲ್ಲಿ ಇರುತ್ತಾರೆ, ಕೊಡದಿದ್ದರೆ ಮುಂದಿನ ಊರಿಗೆ ಹೋಗುತ್ತಾರೆ.

ಆ ಹೆಣ್ಣುಮಗಳು ಪುಣ್ಯವಂತೆ. ಆದರೆ ಅವಳು ಸೊಲ್ಲಾಪುರದ ಪೇಟೆಗೆ ಬಂದಿರಲಿಲ್ಲ.

ನಮ್ಮ ಪೇಟೆಯಲ್ಲಿ ಅಂಗಡಿಯ ಶಟರ್ ಎತ್ತಿ, ಊದುಬತ್ತಿ ಬೆಳಗಿ ಕೂತ ಮೇಲೆ ಮೊದಲ ಬೋಣಿಗೆ ಆಗುವ ತನಕ, ಅಂದರೆ ಮೊದಲ ಗಿರಾಕಿಯ ರೊಕ್ಕ ಗಲ್ಲಾಪೆಟ್ಟಿಗೆಗೆ ಬೀಳುವ ತನಕ, ಪುಕ್ಕಟೆ ಒಂದು ಕಾಳೂ ಹೊರಗೆ ಹೋಗುವುದಿಲ್ಲ. ಬೀಗರು ಬಂದು ನಿಂತರೂ ಇಲ್ಲ. ಸಿಸ್ಟರ್‌ಗಳಿಗೋ ಬೆಳಿಗ್ಗೆಯೇ ಬೇಕು. ಜೋಳ ಬೀಸಿಸಬೇಕು, ಅಕ್ಕಲಕೋಟೆಗೆ ವಾಪಸ್ ಹೋಗಬೇಕು, ಮಧ್ಯಾಹ್ನಕ್ಕೆ ಮುದುಕರ ತಟ್ಟೆಗೆ ರೊಟ್ಟಿ ಬೀಳಬೇಕು. ಮೊದಮೊದಲು ಎಲ್ಲ ಅಂಗಡಿಯಲ್ಲೂ ಒಂದೇ ಮಾತು: "ಬೋಣಿಗಿ ಆಗಿಲ್ರಿ ಸಿಸ್ಟರ್, ಆಮ್ಯಾಲ ಬರ್ರಿ." ಖಾಲಿ ಡಬ್ಬಿಗಳು ದಾರಿಯುದ್ದಕ್ಕೂ ಹಿಂದೆ ಗಡಗಡ ಅನ್ನುತ್ತಿದ್ದವು.

ಅದಕ್ಕೆ ನಾನೇ ಒಂದು ಯುಕ್ತಿ ಮಾಡಿದೆ. ಸಿಸ್ಟರ್ ಟೆಂಪೋದಿಂದ ಇಳಿಯುವಷ್ಟರಲ್ಲಿ ನಾನು ಮುಂದೆ ಓಡಿ, ಪ್ರತಿ ಅಂಗಡಿಯಲ್ಲೂ ಎಲ್ಲಕ್ಕಿಂತ ಅಗ್ಗದ ಒಂದು ಸಾಮಾನು ಕೊಳ್ಳುವುದು. ಒಂದು ಕಡ್ಡಿಪೆಟ್ಟಿಗೆ, ಒಂದು ಸೂಜಿ, ಒಂದು ಬಾಚಣಿಗೆ. ಬೋಣಿಗೆ ಆಯಿತು, ಹಿಂದೆಯೇ ಸಿಸ್ಟರ್ ಬಂದರು, ಡಬ್ಬಿ ತುಂಬಿತು. ನೇಮ ಇರುವುದು ಅವರಿಗೆ, ನನಗಲ್ಲವಲ್ಲ!

ಒಂದು ದಿನ ಸಿಸ್ಟರ್ ನನ್ನ ಅಂಗಿಯ ಜೇಬಿನ ತುಂಬ ಬಾಚಣಿಗೆ ಕಂಡು ಕೇಳಿದರು: "ನಿಮ್ಮ ಮನ್ಯಾಗ ಎಷ್ಟ್ ಮಂದಿ ತಲಿ ಹಿಕ್ಕೋತೀರೋ, ಭಾಡ್ಯಾ?"

ಹೆಚ್ಚಾದ ಬಾಚಣಿಗೆಗಳನ್ನು ಮುದುಕರಿಗೆ ಹಂಚಿದೆ. ಅಲ್ಲಿ ಒಬ್ಬ ಬೋಳುತಲೆಯ ಅಜ್ಜನಿದ್ದ. ಕೊಟ್ಟದ್ದನ್ನು ಬೇಡ ಎನ್ನುವ ಸ್ವಭಾವ ಅವನದಲ್ಲ. ಅವನ ಜೇಬಿನಲ್ಲಿ ಕೆಂಪು, ಹಸಿರು, ಹಳದಿ ಬಾಚಣಿಗೆಗಳು ಪೆನ್ನಿನಂತೆ ಸಾಲಾಗಿ ನಿಂತಿದ್ದವು.

ಹೀಗಿರುವಾಗ ಸಂಘಕ್ಕೇ ಹಿರಿಯರಾದ ಮದರ್ ಬರುವ ಸುದ್ದಿ ಬಂತು. ಅಕ್ಕಲಕೋಟೆಯ ಮನೆ ಪರೀಕ್ಷೆಗೆಂದು ತೆರೆದದ್ದು. ಈ ಸೀಮೆಯ ಜನ ಕೊಡುತ್ತಾರೋ ಇಲ್ಲವೋ ಮದರ್ ಕಣ್ಣಾರೆ ನೋಡಿ, ಇಲ್ಲವೆಂದರೆ ಮುಚ್ಚಿ, ಮುದುಕರನ್ನೆಲ್ಲ ಪುಣೆಯ ದೊಡ್ಡ ಮನೆಗೆ ಒಯ್ಯುವವರಿದ್ದರು. ಮುಚ್ಚಿದರೆ ತಡವಾಗಬಾರದೆಂದು ಸಿಸ್ಟರ್ ಎಲ್ಲರ ಗಂಟುಗಳನ್ನೂ ಕಟ್ಟಿಸಿಟ್ಟರು.

ಅತ್ತೆ ಗಂಟಿನ ಮೇಲೆ ಕೂತುಬಿಟ್ಟಳು. "ಪುಣೇದಾಗ ನಾ ಬೈದರ ಯಾರಿಗಿ ತಿಳೀತೈತೋ? ಬೈದದ್ದು ತಿಳಿಯೂ ಮಂದಿ ಇಲ್ಲಂದ್ರ ನಾ ಬದಕಿ ಏನ್ ಮಾಡ್ಲಿ?"

"ಹಂಗಾದ್ರ ಮನೀಗಿ ಬಾರವ್ವ" ಅಂದೆ.

"ನಿನ್ನ ಹೆಂಡತಿ ಚಟ್ನಿ ತಿನ್ನೂಕಿಂತ ಪುಣೇನ ಚಲೋ."

ಈ ಸುದ್ದಿ ಕೇಳಿ ನನ್ನ ಹೆಂಡತಿ ಆ ಮನೆ ಉಳಿಯಲೆಂದು ನಮ್ಮ ದೇವರಿಗೂ ಸಿಸ್ಟರ್‌ಗಳ ದೇವರಿಗೂ ಹರಕೆ ಹೊತ್ತಳು. ನಗುವ ಮಾತು ಬೇರೆ, ನಿಜ ಬೇರೆ. ನಮ್ಮ ಮನೆಯಲ್ಲಿ ಅತ್ತೆ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಅವಳ ಮಾತು ಕೇಳಲು ನಮಗೆ ಯಾರಿಗೂ ಪುರುಸೊತ್ತಿರಲಿಲ್ಲ. ಇಲ್ಲಿ ಪಕ್ಕದ ಮಂಚದ ಕುರುಡಿಯನ್ನು ಕೈಹಿಡಿದು ಬಚ್ಚಲಿಗೆ ಕರೆದೊಯ್ಯುವವಳು ಅವಳೇ, ದಾರಿಯುದ್ದಕ್ಕೂ ಅವಳನ್ನು ಬೈಯುವವಳೂ ಅವಳೇ.

ಮದರ್ ಬಂದರು. ವಯಸ್ಸಾದವರು, ಮೊಣಕಾಲು ನೋವು, ಹಿಂದಿ ಮಾತು. ಮೊದಲ ದಿನವೇ ಬೋಳುತಲೆಯ ಅಜ್ಜನ ಜೇಬು ಅವರ ಕಣ್ಣಿಗೆ ಬಿತ್ತು.

"ಡ್ರೈವರ್ ಕೊಡ್ತಾನ್ರಿ" ಅಂದ ಅಜ್ಜ, ಹೆಮ್ಮೆಯಿಂದ. "ಪ್ಯಾಟೀಗಿ ಹೋದಾಗೊಮ್ಮಿ ಒಂದ ಹಣಿಗಿ ತರತಾನ."

ನಾನು ಎಲ್ಲ ಬಿಡಿಸಿ ಹೇಳಬೇಕಾಯಿತು. ಮದರ್ ಸಿಟ್ಟಾಗಲಿಲ್ಲ. ಕೊಂಡು ಕೇಳಿದರೆ ಅದು ಕೇಳಿದ ಹಾಗಲ್ಲ, ಊರಿನ ಮನಸ್ಸು ನಮಗೆ ಗೊತ್ತಾಗುವುದಿಲ್ಲ ಅಂದರು. ನಾಳೆ ತಾವೇ ಪೇಟೆಗೆ ಬರುತ್ತಾರೆ, ಡ್ರೈವರ್ ಟೆಂಪೋದಿಂದ ಇಳಿಯಕೂಡದು.

ಬೆಳಿಗ್ಗೆ ಹೊರಡುವಾಗ ಅತ್ತೆ ಮುಂದಿನ ಸೀಟಿನಲ್ಲಿ ಕೂತಿದ್ದಳು. "ಸೊಲ್ಲಾಪುರ ನೋಡಿ ಭಾಳ ದಿನಾ ಆತು" ಅಂದಳು. ಇಳಿಸಲು ಯಾರಿಗೂ ಧೈರ್ಯವಾಗಲಿಲ್ಲ.

ಮೊದಲ ಅಂಗಡಿ. ಸಾವಕಾರ ಮದರ್‌ಗೆ ಕೈ ಮುಗಿದ. "ಬೋಣಿಗಿ ಆಗಿಲ್ರಿ ತಾಯಿ." ಎರಡನೆಯದರಲ್ಲೂ ಅದೇ. ಮೂರನೆಯದರಲ್ಲೂ ಅದೇ. ನಾನು ಸ್ಟೇರಿಂಗ್ ಹಿಡಿದು ಕೂತಿದ್ದೆ. ಸಿಸ್ಟರ್ ಅತ್ತೆಯ ಒಳ್ಳೊಳ್ಳೆಯ ಬೈಗುಳವನ್ನೆಲ್ಲ ಬಳಸಿ ನೋಡಿದರು, ಒಂದೂ ನಡೆಯಲಿಲ್ಲ. ಮದರ್ ವಾಪಸ್ ಬಂದು ಟೆಂಪೋಗೆ ಒರಗಿ ನಿಂತು, ಕನ್ನಡಕ ತೆಗೆದು ಒರೆಸಿಕೊಂಡರು. ನನಗೆ ಪುಣೆಯ ರಸ್ತೆ ಕಂಡಿತು.

ಆಗ ಅತ್ತೆ ಇಳಿದಳು. ಸೀದಾ ಮೊದಲ ಅಂಗಡಿಗೆ ಹೋದಳು.

"ಏ ಸಾವಕಾರ, ಒಂದ ಅಡಕಿ ಕೊಡು."

"ಒಂದೊಂದ ಮಾರಂಗಿಲ್ಲವ್ವ. ಪಾವ್ ಕಿಲೋ ತಗೋ."

"ನನಗ ಇರೂವೇ ಎರಡ ಹಲ್ಲು. ಪಾವ್ ಕಿಲೋ ಯಾರ ಹಲ್ಲಿಂದ ತಿನ್ಲಿ, ನಿನ್ನ ಹಲ್ಲಿಂದೇನು?"

ಹಮಾಲರು ಚೀಲ ಇಳಿಸಿ ನಿಂತರು. ಸಾವಕಾರನಿಗೆ ಸಾಕಾಯಿತು. "ಹಂಗ ಒಯ್ಯವ್ವ, ರೊಕ್ಕಾ ಬ್ಯಾಡ."

"ಬೋಣಿಗಿ ಇಲ್ದ ಪುಕ್ಕಟ ಕೊಡತಿ? ನಿಮ್ಮಪ್ಪ ಇದನ್ನ ಕಲಿಸ್ಯಾನೇನು? ರೇಟ್ ಹೇಳು."

"ರೂಪಾಯಿಗಿ ಒಂದು."

"ಎಂಟಾಣೆ."

"ಎಂಟಾಣೆ ಈಗ ನಡಿಯಂಗಿಲ್ಲವ್ವಾ!"

"ನನಗ ನಡೀತೈತಿ."

ಕೊನೆಗೆ ರೂಪಾಯಿಗೆ ಎರಡಕ್ಕೆ ಇತ್ಯರ್ಥವಾಯಿತು. ಅತ್ತೆ ಸೊಂಟದ ಎಲೆ-ಅಡಿಕೆಯ ಚೀಲ ಬಿಚ್ಚಿ ನಾಣ್ಯ ಕೊಟ್ಟಳು. ಸಾವಕಾರ ಅದನ್ನು ಕಣ್ಣಿಗೊತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕಿದ. ಅತ್ತೆ ತಿರುಗಿ ಕೂಗಿದಳು: "ಏ ಸಿಸ್ಟರ್, ಬಾ ಈಗ. ಬೋಣಿಗಿ ಆತು. ಕೇಳು!"

ಸಿಸ್ಟರ್ ಕೇಳಿದರು. ಜೋಳ ಬಿತ್ತು. ಪಕ್ಕದ ಅಂಗಡಿಯವನು ಹೊರಗೇ ಬಂದು, "ಅವ್ವಾ, ನನ್ನ ಕಡೇನೂ ಬಾ, ಅಡಕಿ ನನ್ನಲ್ಲೂ ಅದಾವ" ಎಂದು ಕರೆದ.

ಮದರ್ ಮುಖದಲ್ಲಿ ಇನ್ನೂ ಸಂಶಯವಿತ್ತು. ಇದೂ ಕೊಂಡ ಹಾಗೆಯೇ ಅಲ್ಲವೇ ಎಂದು ನನ್ನನ್ನು ಕೇಳಿದರು. ಅತ್ತೆಗೆ ಹೇಳಿದೆ.

"ನಾ ಸಿಸ್ಟರ್ ಅಲ್ಲಂತ ಹೇಳ ಆಕೀಗಿ. ನಾ ಮುದುಕಿ. ಮುದುಕಿಗಿ ಅಡಕಿ ಬೇಕಾತು, ತಗೊಂಡ್ಲು. ಡ್ರೈವರ್ ಹಣಿಗಿ ತಗೊಂಡಂಗ ಸುಳ್ಳ ವ್ಯಾಪಾರ ಅಲ್ಲಿದು."

ನಾನು ಹಿಂದಿಗೆ ತಿರುಗಿಸುವಾಗ ನನ್ನ ಬಗ್ಗೆ ಇದ್ದದ್ದನ್ನು ಬಿಟ್ಟೆ. ಮದರ್ ನಗತೊಡಗಿದರು. ನಗುತ್ತಲೇ, ಸಿಸ್ಟರ್‌ಗೂ ಗೊತ್ತಿಲ್ಲದ ಒಂದು ಮಾತು ಹೇಳಿದರು. ಆ ಥಂಡಿ ದೇಶದ ಮುದುಕ ಗಾಡಿಯಲ್ಲಿ ಸುಮ್ಮನೆ ಕೂತಿರಲಿಲ್ಲವಂತೆ. ಮೈ ಸುಧಾರಿಸಿದ ಮೇಲೆ ತಾನೂ ಹೊರಟು, ಕೊಡದವರ ಬಾಗಿಲಲ್ಲಿ ನಿಂತು ಬೈಯುತ್ತಿದ್ದನಂತೆ. ಹಿರಿಯ ಸಿಸ್ಟರ್‌ಗಳು ಆ ಭಾಗವನ್ನು ಕಥೆಯಿಂದ ಬಿಟ್ಟಿದ್ದಾರೆ.

ದಾರಿಯಲ್ಲಿ ಮದರ್ ಅತ್ತೆಯ ಮುಂದೆ ಕೈ ಚಾಚಿದರು. ಅತ್ತೆ ಎರಡರಲ್ಲಿ ಒಂದು ಅಡಿಕೆ ಕೊಟ್ಟಳು. ಮನೆ ಮುಟ್ಟಿದ ಕೂಡಲೇ ಮದರ್ ಸಿಸ್ಟರ್‌ಗೆ ಹೇಳಿದ್ದು ಇಷ್ಟೇ: ಎಲ್ಲರ ಗಂಟು ಬಿಚ್ಚಿಸು.

ಈಗ ಪೇಟೆಗೆ ಹೋಗುವಾಗ ಮುಂದಿನ ಸೀಟು ಅತ್ತೆಯದು. ಸಿಸ್ಟರ್ ಹಿಂದೆ ಡಬ್ಬಿಗಳ ಜೊತೆ ಕೂರುತ್ತಾರೆ. ಹರಕೆ ತೀರಿಸಲೆಂದು ನನ್ನ ಹೆಂಡತಿ ಒಂದು ಡಬ್ಬಿ ಚಟ್ನಿ ಕಳಿಸಿದ್ದಳು, ಬೆಳ್ಳುಳ್ಳಿ ಅತ್ತೆ ಹೇಳಿದಷ್ಟೇ ಹಾಕಿ. ಅತ್ತೆ ರುಚಿ ನೋಡಿ, "ಈಗ ಜಾಸ್ತಿ ಆಗೈತಿ" ಅಂದಳು. ಡಬ್ಬಿ ಖಾಲಿಯಾಗಿ ವಾಪಸ್ ಬಂತು.

ನಿಮ್ಮೂರಿನ ಪೇಟೆಯಲ್ಲಿ ಬೋಣಿಗೆಗೂ ಮುಂಚೆ ಕೈ ಚಾಚಿದವರು ಯಾರಾದರೂ ಇದ್ದಾರೆಯೇ? ಇಂಥ ಅತ್ತೆ ನಿಮಗೂ ಇದ್ದರೆ ಅವಳ ಸುದ್ದಿ ಬರೆದು ಕಳಿಸಿ. ನಾನು ನಿಧಾನ ಓದುತ್ತೇನೆ, ಆದರೆ ಪೂರ್ತಿ ಓದುತ್ತೇನೆ.