ಮೂವರು ರಾಕ್ಷಸಿಯರು

ಪೇಟೆಯ ಗ್ರಂಥಾಲಯದಲ್ಲಿ ಮಕ್ಕಳ ವಿಭಾಗ ನೋಡಿಕೊಳ್ಳುವ ಹೆಂಗಸಿಗೆ ಮಕ್ಕಳಿಟ್ಟ ಹೆಸರು ಬಣ್ಣದಜ್ಜಿ. ಹಳೆಯ ಕಥೆಯೊಂದು ಹೊಸ ಚಿತ್ರಗಳೊಂದಿಗೆ ಎಲ್ಲೇ ಅಚ್ಚಾಗಲಿ, ಅದನ್ನು ತರಿಸಿಕೊಳ್ಳುವ ತನಕ ಅವಳಿಗೆ ಊಟ ಸೇರುವುದಿಲ್ಲ. ಪುಸ್ತಕ ಕಂಡರೆ ಮಾರುದೂರ ಓಡುವ ತುಂಟರನ್ನೂ ಚಾಪೆಯ ಮೇಲೆ ಕೂರಿಸಿ, ಒಂದು ಪುಟ ತೋರಿಸಿ, ಮುಂದಿನ ಪುಟಕ್ಕೆ ಬಾಯಿಬಿಡುವಂತೆ ಮಾಡುವುದರಲ್ಲಿ ಅವಳದು ಎತ್ತಿದ ಕೈ. ಆದರೇನು, ದೀಪದ ಬುಡದಲ್ಲೇ ಕತ್ತಲೆ. ಅವಳ ಸ್ವಂತ ಮೊಮ್ಮಗಳೇ ಪುಸ್ತಕ ಮುಟ್ಟುತ್ತಿರಲಿಲ್ಲ.

ಅದಕ್ಕೆ ಕಾರಣ ಅಜ್ಜಿಯ ಅವಸರ. ಮಗು ಅಕ್ಷರ ಕೂಡಿಸಿ ಓದಲು ಕಲಿತದ್ದೇ ತಡ, ತನಗೆ ಪ್ರಾಣವಾಗಿದ್ದ ರಾಕ್ಷಸಿಯ ಕಥೆಯನ್ನೇ ಕೈಗಿಟ್ಟಳು. ತೆರೆದರೆ ಪುಟದ ತುಂಬ ಹಲ್ಲು. ಮಗು ಚೀರಿ ಅಮ್ಮನ ಬೆನ್ನ ಹಿಂದೆ ಅಡಗಿತು. ಮತ್ತೆ ಗ್ರಂಥಾಲಯದ ಮೆಟ್ಟಿಲು ಹತ್ತಲಿಲ್ಲ.

"ಹೋಗ್ಲಿ ಬಿಡಿ ಅತ್ತೆ, ದೊಡ್ಡವಳಾದ್ಮೇಲೆ ಓದ್ಕೋತಾಳೆ," ಎಂದಳು ಸೊಸೆ.

"ಊರ ಮಕ್ಕಳಿಗೆಲ್ಲ ಕಥೆ ಹಂಚಿ, ನನ್ನ ಮನೇಲೇ ಇಲ್ಲ ಅಂದ್ರೆ ಹೇಗಮ್ಮ?" ಎನ್ನುವಾಗ ಅಜ್ಜಿಗೆ ನಿಜಕ್ಕೂ ಅಳು ಬಂದಿತ್ತು.

ಆ ಹಲ್ಲಿನ ಪುಟಕ್ಕೆ ಕಾಗದ ಅಂಟಿಸಿ ನೋಡಿದಳು. ಗಾಯದ ಮೇಲೆ ಬರೆ ಎಳೆದಂತಾಯಿತು.

"ಅವಳು ಪೇಪರ್ ಹಿಂದೆ ಕೂತು ನನ್ನನ್ನೇ ನೋಡ್ತಾಳೆ," ಎಂದಿತು ಮಗು.

ಕಾಗದವನ್ನು ಕಿತ್ತುಹಾಕಿ, ಒಂದು ರಜೆಯ ದಿನ ಅಜ್ಜಿ ಅದೇ ಕಥೆಯ ಇನ್ನೆರಡು ಪುಸ್ತಕಗಳನ್ನೂ ಮನೆಗೆ ತಂದಳು. ಚಿತ್ರ ಬರೆದವರು ಬೇರೆ ಬೇರೆ. ಮೂರನ್ನೂ ನೆಲದ ಮೇಲೆ ಹರಡಿಕೊಂಡು ಕೂತಳೇ ಹೊರತು ಯಾರನ್ನೂ ಕರೆಯಲಿಲ್ಲ. ಒಬ್ಬ ರಾಕ್ಷಸಿ ಬರೀ ಹಲ್ಲು. ಇನ್ನೊಬ್ಬಳು ಕಡ್ಡಿಯಂತೆ ಸಣಕಲು. ಮತ್ತೊಬ್ಬಳಿಗೆ ಕನ್ನಡಕ, ಕಾಲಿಗೆ ಅದಲು ಬದಲಾದ ಚಪ್ಪಲಿ. ಅಜ್ಜಿ ತನ್ನಷ್ಟಕ್ಕೇ ನಕ್ಕಳು. ಬಾಗಿಲ ಮರೆಯಲ್ಲಿದ್ದ ಮಗು ಒಂದೊಂದೇ ಹೆಜ್ಜೆ ಹತ್ತಿರ ಬಂತು.

"ಇವರಲ್ಲಿ ನಿಜವಾದವಳು ಯಾರು?"

"ಯಾರಿಗ್ಗೊತ್ತು ಪುಟ್ಟಿ. ಬರೆದೋರು ಯಾರೂ ಅವಳನ್ನ ನೋಡಿಲ್ಲ. ಅವರವರಿಗೆ ತೋಚಿದ ಹಾಗೆ ಬರೆದಿದ್ದಾರೆ."

"ನೋಡದೇನೇ ಬರೆದ್ರಾ?" ಮಗುವಿಗೆ ಸಿಟ್ಟೇ ಬಂತು. ಮೂವರನ್ನೂ ಅಕ್ಕಪಕ್ಕಕ್ಕೆ ಎಳೆದು ತಪಾಸಣೆಗೆ ಕೂತಿತು. "ಇಷ್ಟೊಂದು ಹಲ್ಲಿದ್ರೆ ಬಾಯಿ ಮುಚ್ಚೋದು ಹೇಗೆ? ಪಾಪ, ನೊಣ ಹೋಗಲ್ವಾ?" ಆಮೇಲೆ ಚಿತ್ರದಲ್ಲಿದ್ದ ಪುಟ್ಟ ಹುಡುಗಿಯ ಮೇಲೆ ಬೆರಳಿಟ್ಟು ಕೇಳಿತು, "ಈ ಹುಡುಗಿ ಯಾಕೆ ಅವಳ ಮನೆಗೇ ಹೋಗ್ತಿದ್ದಾಳೆ?"

ಕಥೆ ಅಜ್ಜಿಯ ನಾಲಿಗೆಯ ತುದಿಯಲ್ಲೇ ಇತ್ತು. ಕಷ್ಟಪಟ್ಟು ನುಂಗಿಕೊಂಡು, "ಪುಸ್ತಕದಲ್ಲೇ ಇದೆಯಲ್ಲ," ಎಂದಳು.

ಮಗು ಹಲ್ಲಿನವಳ ಪುಸ್ತಕವನ್ನೇ ಆರಿಸಿಕೊಂಡು ಅಜ್ಜಿಯ ತೊಡೆಯೇರಿತು. ಬೆರಳಿಟ್ಟು, ತಡವರಿಸಿ, ಒಂದೊಂದೇ ಪದ ಓದುತ್ತಾ ಹೋಯಿತು. ಆ ಹಲ್ಲಿನ ಪುಟ ಬರುವ ಮುಂಚೆ ತಟ್ಟನೆ ನಿಲ್ಲಿಸಿ ಅಜ್ಜಿಯ ಮುಖ ನೋಡಿತು.

"ಅಜ್ಜಿ, ಈಗ ಅವಳು ಬರ್ತಾಳೆ. ನಿಂಗೆ ಭಯ ಆದ್ರೆ ಕಣ್ಣು ಮುಚ್ಕೋ. ಹೋದ್ಮೇಲೆ ನಾನೇ ಹೇಳ್ತೀನಿ."

ಆ ಚಿತ್ರವನ್ನು ಜೀವಮಾನವಿಡೀ ಮಕ್ಕಳಿಗೆ ತೋರಿಸಿದ್ದ ಬಣ್ಣದಜ್ಜಿ ತೆಪ್ಪಗೆ ಕಣ್ಣು ಮುಚ್ಚಿಕೊಂಡಳು.