ಎಕ್ಸ್‌ಚೇಂಜ್ ಅಕ್ಕ ಆರಿಸಿದ ವಾಕಿಟಾಕಿ

ಆ ಆಸ್ಪತ್ರೆಯಲ್ಲಿ ಅವಳ ಮುಖ ಕಂಡವರು ಬೆರಳೆಣಿಕೆಯಷ್ಟು, ದನಿ ಕೇಳದವರು ಯಾರೂ ಇಲ್ಲ. ಎರಡನೆಯ ಮಹಡಿಯಲ್ಲಿ ಮೆಟ್ಟಿಲು ತಿರುಗುವ ಮೂಲೆಯಲ್ಲೊಂದು ಕಿರುಕೋಣೆ. ಅದರೊಳಗೆ ಟೆಲಿಫೋನ್ ಬೋರ್ಡು, ಬೋರ್ಡಿನ ಮುಂದೆ ಇಪ್ಪತ್ತೇಳು ವರ್ಷದಿಂದ ಅವಳು. ಯಾರು ಫೋನೆತ್ತಿದರೂ ಉಸಿರು ಬಿಡುವ ಸದ್ದಿನಲ್ಲೇ ಇವರು ಇಂಥವರು ಅನ್ನುತ್ತಿದ್ದಳು. ಎಲ್ಲರ ಬಾಯಲ್ಲೂ ಅವಳು ಎಕ್ಸ್‌ಚೇಂಜ್ ಅಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಡಾಕ್ಟರೂ ಹಾಗೇ ಕರೆಯುತ್ತಿದ್ದರು.

ಒಂದು ಸೋಮವಾರ ಆಡಳಿತದ ಸಾಹೇಬರು ಅವಳನ್ನು ಕರೆಸಿದರು.

"ಬೋರ್ಡು ತೆಗೀತಾ ಇದೀವಿ ಅಕ್ಕ. ಎಲ್ಲರ ಜೇಬಲ್ಲೂ ಮೊಬೈಲ್ ಇದೆ. ಆದ್ರೆ ನೆಲಮಾಳಿಗೆಯಲ್ಲಿ ಮೊಬೈಲ್ ಸಿಗಲ್ಲ, ಸ್ಟ್ರೆಚರ್ ತಳ್ಳೋರನ್ನ ಹುಡುಕೋದೇ ಒಂದು ಕೆಲಸ ಆಗಿದೆ. ಅವರಿಗೆ ವಾಕಿಟಾಕಿ ತರಿಸ್ತೀವಿ. ಯಾವುದು ಒಳ್ಳೇದು ಅಂತ ನೀವೇ ಆರಿಸಿಕೊಡಿ. ಆಮೇಲೆ ನಿಮಗೆ ದಾಖಲೆ ಕೋಣೆ."

ದಾಖಲೆ ಕೋಣೆ ಅಂದರೆ ಧೂಳು, ಕಡತ, ಮಾತಾಡಲು ಒಂದು ನರಪಿಳ್ಳೆಯೂ ಇಲ್ಲ. ತನ್ನ ಅನ್ನಕ್ಕೆ ಕಲ್ಲು ಹಾಕುವುದನ್ನು ತಾನೇ ಆರಿಸಬೇಕಲ್ಲ ಎಂದುಕೊಂಡಳು ಅಕ್ಕ. ಆದರೆ ಕೆಟ್ಟದ್ದನ್ನು ಆರಿಸಿ ಸೇಡು ತೀರಿಸಿಕೊಳ್ಳುವ ಜಾಯಮಾನ ಅವಳದಲ್ಲ. ಆಗಲಿ ಸಾರ್ ಎಂದು ಬಂದಳು.

ಮರುದಿನ ಮಾರಾಟದವನು ಮೂರು ಜೋಡಿ ಸೆಟ್ಟು ತಂದು ಮೇಜಿನ ಮೇಲೆ ಜೋಡಿಸಿದ. ಒಂದು ಅಂಗೈಯಗಲದ್ದು, ಬಣ್ಣಬಣ್ಣದ ಪರದೆ. ಇನ್ನೊಂದು ತೆಳ್ಳಗೆ, ಬೆಳ್ಳಗೆ. ಮೂರನೆಯದು ಕಪ್ಪಗೆ, ದಪ್ಪಗೆ, ಇಟ್ಟಿಗೆಯ ತಮ್ಮನ ಹಾಗೆ.

"ಈ ಬಣ್ಣದ್ದು ತಗೊಳ್ಳಿ ಮೇಡಂ. ಐದು ಕಿಲೋಮೀಟರ್ ಹೋಗತ್ತೆ."

"ನಮ್ಮ ಆಸ್ಪತ್ರೆ ಐದು ಕಿಲೋಮೀಟರ್ ಉದ್ದ ಇಲ್ಲಪ್ಪ. ಆರು ಮಹಡಿ ಎತ್ತರ ಇದೆ. ತಳದಲ್ಲಿ ಎಕ್ಸ್‌ರೇ ಕೋಣೆ, ಅದರ ಗೋಡೆಯೊಳಗೆ ಸೀಸದ ಹಾಳೆ. ಅಲ್ಲಿಂದ ಆರನೇ ಮಹಡಿಗೆ ಕೇಳಿಸತ್ತಾ, ಅದು ಹೇಳು."

"ಅದು... ಬಯಲಲ್ಲಾದ್ರೆ ಐದು ಕಿಲೋಮೀಟರ್..."

"ರೋಗಿಗಳನ್ನ ಬಯಲಲ್ಲಿ ಮಲಗಿಸಲ್ಲ ನಾವು. ಮೂರೂ ಜೋಡಿ ಬಿಟ್ಟು ಹೋಗು, ನಾಲ್ಕು ದಿನ ನೋಡ್ತೀವಿ."

ನೋಡಲು ಜೊತೆಗೆ ಸಿಕ್ಕವನು ಗಾಲಿಯಣ್ಣ. ಸ್ಟ್ರೆಚರ್ ತಳ್ಳುವವರಲ್ಲಿ ಹಿರಿಯ. ಗಾಲಿಯ ಕಿರುಗುಟ್ಟುವಿಕೆ ಕೇಳಿಯೇ ಯಾವ ಬಂಡಿಗೆ ಎಣ್ಣೆ ಬೇಕು ಎನ್ನುವವನು. ಅಕ್ಕ ತನ್ನ ಕೋಣೆಯಲ್ಲಿ ಕೂತಳು, ಗಾಲಿಯಣ್ಣ ಕಟ್ಟಡವೆಲ್ಲ ಸುತ್ತಿದ. ಪ್ರತಿ ತಿರುವಿನಲ್ಲೂ ನಿಂತು "ಒಂದು, ಎರಡು, ಮೂರು, ಕೇಳ್ತಾ ಇದೆಯಾ?" ಎನ್ನುವುದು, ಅಕ್ಕ ಮಹಡಿಯ ನಕ್ಷೆಯ ಮೇಲೆ ಕೇಳಿದಲ್ಲಿ ಸರಿ ಗುರುತು, ಕೇಳದಿದ್ದಲ್ಲಿ ಸೊನ್ನೆ ಹಾಕುವುದು. ಲಿಫ್ಟಿನೊಳಗೆ ಬಾಗಿಲು ಮುಚ್ಚಿದರೆ ಬೆಳ್ಳಗಿನದು ಮೂಕವಾಯಿತು. ಬಣ್ಣದ್ದರ ಗುಂಡಿ ತೊಗರಿಕಾಳಿನಷ್ಟು. ಕೈಗವಸು ತೊಟ್ಟ ಬೆರಳಿಗೆ ಸಿಕ್ಕಲೇ ಇಲ್ಲ. ಇಟ್ಟಿಗೆಯ ತಮ್ಮ ಒದ್ದೆ ನೆಲದ ಮೇಲೆ ಬಿದ್ದೂ "ಒಂದು, ಎರಡು" ಅನ್ನುತ್ತಲೇ ಇತ್ತು.

"ಭಾರ ಸ್ವಲ್ಪ ಜಾಸ್ತಿ ಅಕ್ಕ, ಪ್ಯಾಂಟು ಜಾರತ್ತೆ," ಅಂದ ಗಾಲಿಯಣ್ಣ.

"ಬೆಲ್ಟು ಬಿಗಿಯಾಗಿ ಕಟ್ಟು. ಆ ಭಾರ ಎಲ್ಲ ಬ್ಯಾಟರಿದು. ಬೆಳಗ್ಗೆ ಚಾರ್ಜಿಂದ ತೆಗೆದಿದ್ದು ಸಂಜೆವರೆಗೂ ಬರತ್ತೆ."

ಆದರೂ ಅವಳಿಗೆ ತೃಪ್ತಿಯಿಲ್ಲ. ಗದ್ದಲದ ವಾರ್ಡಿನಲ್ಲಿ ಮಾತು ಅರ್ಥವಾಗಬೇಕಲ್ಲ? ಆ ಸಂಜೆ ಮೂರೂ ಜೋಡಿ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದಳು. ಮನೆಯಲ್ಲಿ ಕಿವಿ ಮಂದವಾದ ಅತ್ತೆ ಇದ್ದರು. ದರ್ಜಿಯಾದ ಗಂಡ ಹಜಾರದಲ್ಲಿ ಹೊಲಿಗೆ ಮಿಷನ್ನು ತುಳಿಯುತ್ತಿದ್ದ. ಆ ಗಲಾಟೆ ಹಾಗೇ ಇರಲಿ ಎಂದು ಅಕ್ಕ ಅತ್ತೆಯ ಕೈಗೊಂದು ಸೆಟ್ಟು ಕೊಟ್ಟು, ಅಡುಗೆಮನೆಗೆ ಹೋಗಿ ಮೆಲ್ಲಗೆ ಮಾತಾಡಿದಳು: "ಅತ್ತೆ, ಹನ್ನೆರಡನೇ ಹಾಸಿಗೆಗೆ ಸ್ಟ್ರೆಚರ್ ಬೇಕು."

ಬಣ್ಣದ್ದಕ್ಕೆ ಅತ್ತೆ ಮುಖ ಸಿಂಡರಿಸಿದರು. "ಕೊಡದೊಳಗೆ ಸೊಳ್ಳೆ ಗುಂಯ್ ಅಂದ ಹಾಗಿದೆ." ಬೆಳ್ಳಗಿನದಕ್ಕೆ, "ಯಾರಿಗೆ ಹನ್ನೆರಡು ಮಕ್ಕಳು?" ಇಟ್ಟಿಗೆಯ ತಮ್ಮನಿಗೆ ಮಾತ್ರ ಮುದುಕಿ ಬೆಚ್ಚಿ ಕೂಗಿದರು: "ಹನ್ನೆರಡನೇ ಹಾಸಿಗೆ! ಕೇಳ್ತು ಮಾರಾಯ್ತಿ, ಅಷ್ಟು ಯಾಕೆ ಕಿರುಚ್ತೀಯ!"

ಹಜಾರದಲ್ಲಿ ಹೊಲಿಗೆ ನಿಂತಿತು. "ಇಷ್ಟು ವರ್ಷ ನಾನು ಹೇಳಿದ್ದು ಅವ್ವನಿಗೆ ಕೇಳಿರಲಿಲ್ಲ. ನಮಗೂ ಒಂದು ಜೋಡಿ ತರೋಣ ಕಣೇ," ಅಂದ ಗಂಡ.

ಒಂದು ತೊಡಕು ಉಳಿಯಿತು. ನೆಲಮಾಳಿಗೆಯಿಂದ ಆರನೆಯ ಮಹಡಿಗೆ ಕಪ್ಪು ಸೆಟ್ಟಿನ ಮಾತೂ ಹೋಗುತ್ತಿರಲಿಲ್ಲ. ಸದ್ದನ್ನು ಹಿಡಿದು ಮತ್ತೆ ಎಸೆಯುವ ಪೆಟ್ಟಿಗೆಯೊಂದನ್ನು ತಾರಸಿಯ ಮೇಲೆ ಕೂರಿಸಬೇಕು, ಅದಕ್ಕೆ ಬೇರೆ ದುಡ್ಡಾಗುತ್ತದೆ ಎಂದ ಮಾರಾಟದವನು. ಅಕ್ಕ ನಕ್ಷೆ ಬಿಚ್ಚಿ ಸಾಹೇಬರ ಮುಂದಿಟ್ಟಳು.

"ತಳದಿಂದ ನನ್ನ ಕೋಣೆಗೆ ಚೆನ್ನಾಗಿ ಕೇಳತ್ತೆ ಸಾರ್. ನನ್ನ ಕೋಣೆಯಿಂದ ಆರನೇ ಮಹಡಿಗೂ ಕೇಳತ್ತೆ. ನಡುವೆ ಒಬ್ಬರು ಕೂತು ಹೇಳಿದ್ದನ್ನ ದಾಟಿಸಿದ್ರೆ ಸಾಕು."

"ಆ ಒಬ್ಬರು ಯಾರು?" ಸಾಹೇಬರು ಮೀಸೆಯಲ್ಲೇ ನಕ್ಕರು.

"ಕುರ್ಚಿ ಇದೆ, ಕೂತು ಅಭ್ಯಾಸನೂ ಇದೆ."

"ಮೂರು ತಿಂಗಳು ನೋಡೋಣ," ಅಂದರು ಸಾಹೇಬರು.

ಪರವಾನಗಿಯ ಕಾಗದ ಬಂದಿತು, ಹದಿನಾಲ್ಕು ಕಪ್ಪು ಸೆಟ್ಟು ಬಂದವು. ತೀವ್ರ ನಿಗಾ ಘಟಕದ ಹಿರಿಯ ನರ್ಸು ಇವುಗಳ ಅಲೆ ನಮ್ಮ ಯಂತ್ರಗಳ ಲೆಕ್ಕ ತಪ್ಪಿಸುತ್ತದೆ ಎಂದು ತಕರಾರು ತೆಗೆದಾಗ, ಅಕ್ಕ ಎಲ್ಲ ಸೆಟ್ಟುಗಳ ಶಕ್ತಿಯನ್ನು ತನ್ನ ಕೋಣೆಗೆ ಕೇಳುವಷ್ಟಕ್ಕೆ ಇಳಿಸಿದಳು. ಆ ಬಾಗಿಲಿನ ಮುಂದೆ ನೆಲಕ್ಕೆ ಕೆಂಪು ಗೆರೆ ಎಳೆಸಿದಳು. ಗೆರೆ ದಾಟಿ ಗುಂಡಿ ಒತ್ತಿದವರಿಗೆ ಅವಳ ಬಾಯಿಂದ ಮಂಗಳಾರತಿ ತಪ್ಪಿದ್ದಲ್ಲ. ಅಡಿಗಡಿಗೂ ಪಾಠ ಬೇರೆ: "ಗುಂಡಿ ಒತ್ತಿ, ಒಂದು ಅಂತ ಮನಸ್ಸಲ್ಲಿ ಎಣಿಸಿ, ಆಮೇಲೆ ಬಾಯಿ ಬಿಡಿ. ಇಲ್ದಿದ್ರೆ ಮೊದಲ ಪದ ನಿಮ್ಮ ಹತ್ರನೇ ಉಳಿಯತ್ತೆ." ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಿದರೆ ಇಬ್ಬರದ್ದೂ ಕೆಡುತ್ತದೆ ಎನ್ನುವುದು ಎಲ್ಲರಿಗೂ ತಲೆಗೆ ಹೋಗಲು ಒಂದು ತಿಂಗಳು ಹಿಡಿಯಿತು.

ಏಳನೆಯ ವಾರ, ಬೆಳಗಿನ ಹತ್ತೂವರೆ. ಸೆಟ್ಟಿನಲ್ಲಿ ಕರಕರ ಸದ್ದಿನ ನಡುವೆ ಗಾಲಿಯಣ್ಣನ ದನಿ: "ಅಕ್ಕ... ಲಿಫ್ಟು ನಿಂತುಬಿಟ್ಟಿದೆ... ಎರಡಕ್ಕೂ ಮೂರಕ್ಕೂ ಮಧ್ಯೆ. ನನ್ನ ಹತ್ರ ಉಬ್ಬಸದ ರೋಗಿ ಇದಾರೆ. ಆಕ್ಸಿಜನ್ ಸಿಲಿಂಡರ್ ಮುಳ್ಳು ಕೆಂಪಿನ ಹತ್ರ ಬಂದಿದೆ."

ಅಕ್ಕ ಸೆಟ್ಟನ್ನು ಬಾಯಿಯ ಹತ್ತಿರ ಹಿಡಿದಳು. "ಎಲ್ಲರೂ ಸುಮ್ಮನಿರಿ. ಈಗ ದಾರಿ ಲಿಫ್ಟಿಗೆ ಮಾತ್ರ," ಎಂದಳು. ಉಳಿದ ಹನ್ನೆರಡು ಸೆಟ್ಟುಗಳು ಬಾಯಿ ಮುಚ್ಚಿದವು. ಮೊಬೈಲಿನಲ್ಲಿ ಲಿಫ್ಟಿನ ಮೆಕ್ಯಾನಿಕ್‌ನನ್ನೂ ಉಬ್ಬಸದ ವಾರ್ಡನ್ನೂ ಕರೆದಳು. ವಾರ್ಡಿನಿಂದ ನರ್ಸು ಓಡಿ ಬಂದು ಪಕ್ಕದಲ್ಲಿ ನಿಂತಳು. ನರ್ಸು ಹೇಳಿದ್ದನ್ನು ಅಕ್ಕ ತುಂಡುತುಂಡಾಗಿ ದಾಟಿಸಿದಳು: ತಲೆಯ ಕಡೆ ಎತ್ತಿ ಕೂರಿಸು, ಗಾಳಿಯ ತಿರುಪನ್ನು ಎರಡಕ್ಕೆ ಇಳಿಸು, ಮುಳ್ಳು ನೋಡುತ್ತಿರು.

ರೋಗಿ ಐವತ್ತರ ಹೆಂಗಸು, ಬಸ್ ಕಂಡಕ್ಟರ್. ಜೀವಮಾನವೆಲ್ಲ ಕೂಗಿ ಬದುಕಿದವಳಿಗೆ ಈಗ ಒಂದು ಪದಕ್ಕೂ ಉಸಿರಿಲ್ಲ. ಹೆದರಿಕೆಗೆ ಇನ್ನಷ್ಟು ಏದುತ್ತಿದ್ದಾಳೆ ಎಂದ ಗಾಲಿಯಣ್ಣ.

"ಸೆಟ್ಟು ಅವರ ಕೈಗೆ ಕೊಡು," ಅಂದಳು ಅಕ್ಕ. "ಅಮ್ಮಾ, ನೀವು ಮಾತಾಡಬೇಡಿ. ಗುಂಡಿ ಒಂದು ಸಲ ಒತ್ತಿದ್ರೆ ಹೌದು, ಎರಡು ಸಲ ಒತ್ತಿದ್ರೆ ಇಲ್ಲ. ನನಗಿಲ್ಲಿ ಟಿಕ್ ಅಂತ ಕೇಳತ್ತೆ. ಗೊತ್ತಾಯ್ತಾ?"

ಸ್ವಲ್ಪ ತಡವಾಗಿ ಬಂತು. ಟಿಕ್.

"ಎದೆ ನೋವಿದೆಯಾ?" ಟಿಕ್, ಟಿಕ್. ಇಲ್ಲ. ನರ್ಸು ತಲೆಯಾಡಿಸಿದಳು. "ಮೆಕ್ಯಾನಿಕ್ ಮೇಲೆ ಹತ್ತಿದಾರೆ. ಕೈಯಿಂದ ತಿರುಗಿಸಿ ಇಳಿಸ್ತಾರೆ. ನಿಮ್ಮ ಬಸ್ಸು ಯಾವತ್ತಾದ್ರೂ ಕೆಟ್ಟು ನಿಂತಿದೆಯಾ?" ಟಿಕ್. "ತುಂಬಾ ಸಲಾನಾ?" ಟಿಕ್. "ಆಗ ಪ್ರಯಾಣಿಕರು ನಿಮ್ಮನ್ನ ಬೈದ್ರಾ?" ಟಿಕ್ ಟಿಕ್ ಟಿಕ್ ಟಿಕ್ ಎಂದು ಗುಂಡಿ ನಿಲ್ಲದೆ ಬಡಿಯಿತು. ಅದಕ್ಕೆ ಅವರಿಬ್ಬರ ನಡುವೆ ಅರ್ಥ ಗೊತ್ತುಪಡಿಸಿರಲಿಲ್ಲ, ಆದರೂ ಅಕ್ಕನಿಗೆ ತಿಳಿಯಿತು. ನಕ್ಕಳು. ಏದುವುದು ತುಸು ಇಳಿದಿದೆ ಎಂದು ಗಾಲಿಯಣ್ಣ ನಡುವೆ ಗುಂಡಿ ಒತ್ತಿ ಹೇಳಿದ.

ಇಪ್ಪತ್ತಮೂರು ನಿಮಿಷ. ಅಷ್ಟು ಹೊತ್ತೂ ಅಕ್ಕ ಬಿಡದೆ ಒಂದೊಂದೇ ಪ್ರಶ್ನೆ ಕೇಳುತ್ತ ಹೋದಳು. ಲಿಫ್ಟು ಎರಡನೆಯ ಮಹಡಿಗೆ ಇಳಿದು ಬಾಗಿಲು ತೆರೆದಾಗ ನರ್ಸು ಹೊಸ ಸಿಲಿಂಡರ್ ಹಿಡಿದು ನಿಂತಿದ್ದಳು. ಹಳೆಯದರ ಮುಳ್ಳು ಕೆಂಪಿನೊಳಗೆ ಹೋಗಿ ಆಗಿತ್ತು. ಗಾಲಿಯಣ್ಣ ಬೆವರಲ್ಲಿ ತೊಯ್ದು ಹೋಗಿದ್ದ. ಅಕ್ಕ ಕೋಣೆಯಿಂದ ಎದ್ದು ಬರಲಿಲ್ಲ. ನೆಲಮಾಳಿಗೆಯಿಂದ ಇನ್ನೊಂದು ಕರೆ ಕಾಯುತ್ತಿತ್ತು. ಅದನ್ನು ಮುಗಿಸಿ ಲೋಟದ ನೀರನ್ನು ಒಂದೇ ಗುಕ್ಕಿಗೆ ಕುಡಿದಳು.

ಮೂರನೆಯ ದಿನ ಕಂಡಕ್ಟರಮ್ಮ ಆ ದನಿಯವರನ್ನು ನೋಡಲೇಬೇಕೆಂದು ಹಟ ಹಿಡಿದಳು. ಊಟದ ಬಿಡುವಿನಲ್ಲಿ ಅಕ್ಕ ವಾರ್ಡಿಗೆ ಹೋಗಿ ಹಾಸಿಗೆಯ ಪಕ್ಕ ನಿಂತಳು. ಇಪ್ಪತ್ತೇಳು ವರ್ಷದಲ್ಲಿ ರೋಗಿಯೊಬ್ಬರು ಅವಳನ್ನು ನೋಡಬೇಕೆಂದದ್ದು ಅದೇ ಮೊದಲು.

"ನೀವಾ?" ಕಂಡಕ್ಟರಮ್ಮ ಅಡಿಯಿಂದ ಮುಡಿವರೆಗೆ ನೋಡಿದಳು. "ದನಿ ಕೇಳಿ ಆರಡಿ ಎತ್ತರ ಅಂದ್ಕೊಂಡಿದ್ದೆ. ನನ್ನ ಬಸ್ಸಲ್ಲಿ ನಿಂತ್ರೆ ಮೇಲಿನ ಕಂಬಿ ಕೂಡ ಸಿಗಲ್ಲವಲ್ರೀ ನಿಮಗೆ!"

ಅಕ್ಕ ನಕ್ಕು, ಕಂಡಕ್ಟರಮ್ಮನ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂತಳು.

ದಾಖಲೆ ಕೋಣೆಯ ಮಾತನ್ನು ಸಾಹೇಬರು ಮತ್ತೆ ಎತ್ತಲಿಲ್ಲ. ನಿವೃತ್ತಿಯವರೆಗೂ ಅಕ್ಕ ಅದೇ ಮೂಲೆಯಲ್ಲೇ ಇದ್ದಳು. ಕಂಡಕ್ಟರಮ್ಮ ತಿಂಗಳಿಗೊಮ್ಮೆ ಡಾಕ್ಟರಿಗೆ ತೋರಿಸಲು ಬಂದಾಗ ಆ ಕಿರುಕೋಣೆಗೆ ನುಗ್ಗಿ, ಸ್ಟೂಲೆಳೆದು ಕೂತು, ಡಿಪೋದ ಕತೆಯನ್ನೆಲ್ಲ ಹರವುತ್ತಿದ್ದಳು. ಸೆಟ್ಟು ಕರೆದರೆ ಅಕ್ಕ ಅವಳ ಮೊಣಕೈ ಹಿಡಿದು ಸುಮ್ಮನಾಗಿಸಬೇಕು, ಕರೆ ಮುಗಿದ ಮರುಕ್ಷಣವೇ, "ಹ್ಞಾಂ, ಎಲ್ಲಿದ್ದೆ? ಆ ಡ್ರೈವರ್ ಇದಾನಲ್ಲ..." ಎಂದು ಮಾತಿನ ಬಸ್ಸು ಮತ್ತೆ ಹೊರಡುತ್ತಿತ್ತು.